ಕೊಣಾಜೆ ಗುಡ್ಡದ ಮೇಲೆ ಎರಡು ವರ್ಷ: ಬಯಲುಸೀಮೆಯಿಂದ ಬರುವವರಿಗೆ

ನಮ್ಮೂರು ಗದಗ ಜಿಲ್ಲೆಯ ರೋಣದ ಹತ್ತಿರ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಂಗಳೂರಿನಲ್ಲಿ 3,500ಕ್ಕಿಂತ ಜಾಸ್ತಿ. ಈ ಎರಡು ಅಂಕಿ ನನಗೆ ಮೊದಲೇ ಗೊತ್ತಿದ್ದವು. ಅವುಗಳ ಅರ್ಥ ಗೊತ್ತಾಗಿದ್ದು ಮಾತ್ರ 2023ರ ಮಳೆಗಾಲದಲ್ಲಿ, ಹಾಸ್ಟೆಲ್ ಕೋಣೆಯ ಟ್ರಂಕ್ ತೆಗೆದಾಗ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೇಲೆ ಹಸಿರು ಬೂಷ್ಟು ಬೆಳೆದಿತ್ತು. ಹಿಂದಿನ ವಾರ ಕಿಟಕಿ ಹಾಕದೆ ತರಗತಿಗೆ ಹೋಗಿದ್ದೆ. ಎರಚಲು ಒಳಗೆ ಬಂದು ಟ್ರಂಕ್‌ನ ಸಂದಿಯಲ್ಲಿ ಇಳಿದಿತ್ತು. ಅಂದು ಅಂಕಪಟ್ಟಿಯನ್ನು ಫ್ಯಾನಿನ ಕೆಳಗೆ ಹರಡಿಕೊಂಡು ಅತ್ತಿದ್ದೆ.

ಈ ವರ್ಷ ನನ್ನ ಸೋದರಮಾವನ ಮಗಳು ಅದೇ ಗುಡ್ಡಕ್ಕೆ ಎಂ.ಎ. ಓದಲು ಹೊರಟಿದ್ದಾಳೆ. "ಅಕ್ಕಾ, ಏನೇನ ತರ್ಲಿ?" ಅಂತ ಫೋನ್ ಮಾಡಿದಳು. ಅವಳಿಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಮಂಗಳಗಂಗೋತ್ರಿಯಲ್ಲಿ, ಅಂದರೆ ಕೊಣಾಜೆ ಗುಡ್ಡದ ಮೇಲಿನ ಮಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ, ಇತಿಹಾಸ ಎಂ.ಎ. ಮಾಡಿದ್ದು 2022ರ ಕೊನೆಯಿಂದ 2024ರವರೆಗೆ.

ಮೊದಲು ಜಾಗದ ಬಗ್ಗೆ ಎರಡು ಮಾತು. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು ಇದು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಒಟ್ಟು 353 ಎಕರೆ. ಗುಡ್ಡ ಪೂರ್ತಿ ಕೆಂಪು ಮುರಕಲ್ಲು. ಇಂಥ ಮೇಲೆ ಚಪ್ಪಟೆಯಾದ ಗುಡ್ಡಕ್ಕೆ ಅಲ್ಲಿನವರು ಪದವು ಅನ್ನುತ್ತಾರೆ. ಸಂಜೆ ಮೋಡ ಇಲ್ಲದಿದ್ದರೆ ಪಡುವಣ ಬದಿಯಿಂದ ಸಮುದ್ರದ ಗೆರೆ ಕಾಣುತ್ತದೆ. ಮೊದಲ ಸಂಜೆಯೇ ಹೋಗಿ ನೋಡಿ. ಮನೆ ನೆನಪಾಗಿ ಎದೆ ಭಾರವಾಗಿದ್ದ ನನಗೆ ಆ ಗೆರೆ ತುಂಬಾ ಸಮಾಧಾನ ಕೊಟ್ಟಿತ್ತು.

ಏನೇನು ತರಬೇಕು

ಕೊಡೆ ಊರಿನಿಂದ ತರಬೇಡಿ. ನಮ್ಮ ಕಡೆ ಸಿಗುವ ಮೂರು ಮಡಿಕೆಯ ಕೊಡೆ ಬಿಸಿಲಿಗೆ ಸರಿ, ಗುಡ್ಡದ ಗಾಳಿಗೆ ಮೊದಲ ವಾರದಲ್ಲೇ ತಿರುಗಿಬೀಳುತ್ತದೆ. ಮಂಗಳೂರಿಗೆ ಬಂದ ಮೇಲೆ ಉದ್ದ ಹಿಡಿಕೆಯ, ದಪ್ಪ ಕಡ್ಡಿಯ ಕೊಡೆ ತೆಗೆದುಕೊಳ್ಳಿ. ಚರ್ಮದ ಚಪ್ಪಲಿ, ಬೂಟು ಮಳೆಗಾಲದಲ್ಲಿ ಬೇಡವೇ ಬೇಡ. ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಚಪ್ಪಲಿ ಸಾಕು. ಪಟ್ಟಿ ಯಾಕೆ ಬೇಕೆಂದರೆ, ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ. ನನ್ನ ಕೋಣೆಯ ಗೆಳತಿ ಹಾಗೆ ಜಾರಿ ಮಣಿಕಟ್ಟು ಮುರಿದುಕೊಂಡಳು.

ಜೀನ್ಸ್ ಒಂದೇ ಸಾಕು. ಜುಲೈ ತಿಂಗಳಲ್ಲಿ ಅದು ಒಣಗಲು ನಾಲ್ಕು ದಿನ ಬೇಕು. ತೆಳ್ಳಗಿನ, ಅರ್ಧ ನೈಲಾನ್ ಬೆರೆತ ಚೂಡಿದಾರಗಳು ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗುತ್ತವೆ. ನೈಲಾನ್ ಹಗ್ಗ ಮತ್ತು ಎರಡು ಡಜನ್ ಕ್ಲಿಪ್ ತನ್ನಿ. ಇಸ್ತ್ರಿಪೆಟ್ಟಿಗೆಗೆ ಹಾಸ್ಟೆಲ್‌ನಲ್ಲಿ ಅನುಮತಿ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಇದ್ದರೆ ಅರ್ಧ ಒಣಗಿದ ಬಟ್ಟೆಯನ್ನು ಇಸ್ತ್ರಿ ಮಾಡಿಯೇ ಪೂರ್ತಿ ಒಣಗಿಸಬಹುದು. ಒಳಬಟ್ಟೆ ಮಾತ್ರ ಜಾಸ್ತಿ ಇರಲಿ, ಕನಿಷ್ಠ ಹತ್ತು ಜೊತೆ. ಹಸಿಯಾದದ್ದನ್ನು ಹಾಕಿಕೊಂಡರೆ ತುರಿಕೆ ಶುರುವಾಗುತ್ತದೆ. ನಾಚಿಕೆಯಿಂದ ಯಾರೂ ಇದನ್ನು ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ.

ಖಡಕ್ ರೊಟ್ಟಿ ತರುವವರು ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ತನ್ನಿ. ಬಟ್ಟೆ ಗಂಟಿನಲ್ಲಿ ತಂದ ರೊಟ್ಟಿ ಅಲ್ಲಿನ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎರಡೂ ಇರಲಿ. ಕರಾವಳಿಯ ಗೆಳತಿಯರಿಗೆ ಗುರೆಳ್ಳು ಹೊಸತು. ನನ್ನ ಡಬ್ಬಿ ಅವರ ಕೈಗೆ ಹೋದರೆ ವಾರದಲ್ಲಿ ಖಾಲಿ. ಅದರ ಬದಲಿಗೆ ನನಗೆ ಹಲಸಿನ ಹಪ್ಪಳ ಸಿಗುತ್ತಿತ್ತು.

ಕಾಗದ, ಪುಸ್ತಕ ಉಳಿಸಿಕೊಳ್ಳುವುದು

ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಮೂಲ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ವರ್ಗಾವಣೆ ಪತ್ರ ಎಲ್ಲವನ್ನೂ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಹೊಸ ಚಪ್ಪಲಿ, ಬ್ಯಾಗ್ ಡಬ್ಬಿಯೊಳಗೆ ಬರುತ್ತದಲ್ಲ, ಬಿಳಿ ಹರಳಿನ ಸಣ್ಣ ಚೀಟಿ, ಸಿಲಿಕಾ ಜೆಲ್, ಅದನ್ನು ನಾಲ್ಕೈದು ಒಳಗಿಡಿ. ಟ್ರಂಕ್ ನೆಲಕ್ಕೆ ತಾಗಬಾರದು, ಕೆಳಗೆ ಎರಡು ಇಟ್ಟಿಗೆ ಕೊಡಿ. ಹೊರಗೋಡೆಗೂ ತಾಗಬಾರದು, ಏಕೆಂದರೆ ತಿಂಗಳುಗಟ್ಟಲೆ ಮಳೆ ಬಡಿಸಿಕೊಂಡ ಗೋಡೆಯ ಒಳಮುಖವೂ ಬೆವರುತ್ತದೆ. ಪುಸ್ತಕಗಳನ್ನು ಒಳಗೋಡೆಯ ಕಡೆ, ನಡುವೆ ಗಾಳಿ ಆಡುವ ಹಾಗೆ ಸಡಿಲವಾಗಿ ನಿಲ್ಲಿಸಿ. ಒತ್ತೊತ್ತಾಗಿ ಜೋಡಿಸಿದರೆ ಬೂಷ್ಟು ಒಂದರಿಂದ ಇನ್ನೊಂದಕ್ಕೆ ಹತ್ತುತ್ತದೆ. ಬಿಸಿಲು ಬಿದ್ದ ದಿನ, ಒಂದು ಗಂಟೆಯಾದರೂ ಸರಿ, ಎಲ್ಲ ಹೊರಗೆ ಹರಡಿ.

ಬೂಷ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕಲೆ ಒಳಗಿಳಿಯುತ್ತದೆ. ಮೊದಲು ಪೂರ್ತಿ ಒಣಗಿಸಿ, ಆಮೇಲೆ ಮೆತ್ತಗಿನ ಕುಂಚದಿಂದ ಕೋಣೆಯ ಹೊರಗೆ ಝಾಡಿಸಿ. ನನ್ನ ಅಂಕಪಟ್ಟಿ ಹಾಗೇ ಉಳಿಯಿತು. ಒಂದು ಮೂಲೆಯಲ್ಲಿ ಮಾತ್ರ ಈಗಲೂ ಕಂದು ಕಲೆ ಇದೆ.

ಸಿಡಿಲು, ಕತ್ತಲೆ, ಜ್ವರ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಜೋರಾದರೂ ಗುಡುಗು ಕಡಿಮೆ. ಹೆದರಬೇಕಾದದ್ದು ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳ ಸಂಜೆ ಮಳೆಗೆ. ಬೋಳು ಪದವಿನ ಮೇಲೆ ಎತ್ತರಕ್ಕೆ ನಿಂತದ್ದು ನೀವೊಬ್ಬರೇ ಆಗಿರಬಹುದು. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಗುಡುಗು ಕೇಳುವಷ್ಟರಲ್ಲಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಲೆಕ್ಕ. ಮೂವತ್ತಕ್ಕಿಂತ ಕಡಿಮೆ ಎಣಿಸಿದ್ದರೆ ತಕ್ಷಣ ಕಟ್ಟಡದ ಒಳಗೆ ಹೋಗಿ. ಗೇರು ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ.

ಗ್ರಂಥಾಲಯದಿಂದ ಕತ್ತಲಾದ ಮೇಲೆ ಬರುವಾಗ ಕೈಯಲ್ಲಿ ಟಾರ್ಚ್ ಇರಲಿ, ದಾರಿಯ ನಡುವೆ ನಡೆಯಿರಿ. ಗಿಡಗಂಟಿ ಜಾಸ್ತಿ, ಹಾವುಗಳಿವೆ. ಮಳೆಗಾಲದಲ್ಲಿ ಜ್ವರ ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಆ ಕಡೆ ಮಲೇರಿಯಾ, ಡೆಂಗಿ, ಇಲಿಜ್ವರ ಮೂರೂ ಇವೆ. ಎರಡನೇ ದಿನಕ್ಕೇ ರಕ್ತ ಪರೀಕ್ಷೆ ಮಾಡಿಸಿ. ಗುಡ್ಡದಿಂದ ಮಂಗಳೂರಿಗೆ ಹೋಗುವ ದಾರಿಯಲ್ಲೇ ದೇರಳಕಟ್ಟೆ ಇದೆ, ಅಲ್ಲಿ ಮೆಡಿಕಲ್ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಿವೆ.

ಇಷ್ಟು ಮಳೆ ಬೀಳುವ ಜಾಗದಲ್ಲಿ ಬೇಸಿಗೆಗೆ ನೀರು ಸಾಲದು ಅಂದರೆ ನಂಬುತ್ತೀರಾ? ಮುರಕಲ್ಲು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಕೆಳಗೆ ಬಿಟ್ಟುಬಿಡುತ್ತದೆ. 2023ರಲ್ಲಿ ಮುಂಗಾರು ತಡವಾಗಿ, ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟೆಯಲ್ಲೇ ನೀರು ಇಳಿದಿತ್ತು. ಮುಚ್ಚಳ ಇರುವ ದೊಡ್ಡ ಬಕೆಟ್ ಒಂದು ಇಟ್ಟುಕೊಳ್ಳಿ. ನೀರನ್ನು ಹಿತಮಿತವಾಗಿ ಬಳಸುವುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

ಬಸ್ಸು ಮತ್ತು ಮಾತು

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಗುಡ್ಡಕ್ಕೆ ಬರುವ ಸಿಟಿ ಬಸ್ಸಿನ ನಂಬರ್ 51. ಅದರ ಮುಂದೆ ಎ, ಬಿ, ಸಿ ಅಂತ ಅಕ್ಷರಗಳಿರುತ್ತವೆ. ಅವು ಬೇರೆ ಬೇರೆ ಕಡೆ ಹೋಗುವುದರಿಂದ, ಹತ್ತುವಾಗ "ಯೂನಿವರ್ಸಿಟಿಗೆ ಹೋಗುತ್ತದಾ?" ಎಂದು ಕೇಳಿಯೇ ಹತ್ತಿ. ನೇತ್ರಾವತಿ ಸೇತುವೆ, ತೊಕ್ಕೊಟ್ಟು, ದೇರಳಕಟ್ಟೆ ದಾಟಿ ಬರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಎಡಬದಿ, ಬಲಬದಿ ಯಾವುದಾದರೂ ಸರಿ, ಸೇತುವೆ ಬಂದಾಗ ತಲೆ ಎತ್ತಿ ಹೊಳೆ ನೋಡಿ.

ಇಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಿಕ್ಕಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ಇಲ್ಲ. ಗದಗಿನಲ್ಲಿ ಆಧಾರ್ ತೋರಿಸಿ ಓಡಾಡಿದವರು ಇಲ್ಲಿ ಪ್ರತಿ ಸಲ ಚಿಲ್ಲರೆ ತೆಗೆಯಬೇಕು. ದಿನಾ ಓಡಾಡುವವರು ವಿದ್ಯಾರ್ಥಿ ಪಾಸ್ ಬಗ್ಗೆ ಮೊದಲ ವಾರವೇ ವಿಚಾರಿಸಿ. ದೂರದ ಊರಿಗೆ ಮಾತ್ರ ಬಿಜೈಯಲ್ಲಿರುವ ಕೆಎಸ್ಸಾರ್ಟಿಸಿ ನಿಲ್ದಾಣಕ್ಕೆ ಹೋಗಿ ಸರ್ಕಾರಿ ಬಸ್ಸೇ ಹತ್ತಿ. ಮನೆಯಿಂದ ನನಗೆ ಬರುತ್ತಿದ್ದದ್ದು ತಿಂಗಳಿಗೆ 5,000 ರೂಪಾಯಿ. ಒಂದು ಭಾನುವಾರದ ತಿರುಗಾಟ 300 ರೂಪಾಯಿ ಮೀರಬಾರದು ಎಂದು ಲೆಕ್ಕ ಹಾಕಿಕೊಂಡಿದ್ದೆ. ಸರ್ಕಾರಿ ಬಸ್ಸು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಗುಡ್ಡಕ್ಕೆ ಬರುವ ಕೊನೆಯ ಬಸ್ಸಿನ ಹೊತ್ತನ್ನು ಕಂಡಕ್ಟರನನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಒಂದು ಬಸ್ಸು ಮೊದಲಿನದಕ್ಕೆ ಬನ್ನಿ. ಒಂದು ಸಲ ನಾವು ಮೂವರು ತೊಕ್ಕೊಟ್ಟಿನಲ್ಲಿ ಕೊನೆಯದನ್ನು ತಪ್ಪಿಸಿಕೊಂಡು ರಿಕ್ಷಾಕ್ಕೆ ಕೊಟ್ಟ ದುಡ್ಡು ಎರಡು ಭಾನುವಾರದ್ದು.

ಬಸ್ಸಿನಲ್ಲಿ ಮೊದಲು ಕಿವಿಗೆ ಬೀಳುವ ತುಳು "ದುಂಬು ಪೋಲೆ". ಮುಂದೆ ಹೋಗಿ ಎಂದು. ಬೈಗುಳದ ಹಾಗೆ ಕೇಳಿಸಿದರೂ ಅದು ಮರ್ಯಾದೆಯ ಮಾತೇ. ಬೆಲೆ ಕೇಳಲು "ಏತ್?" ಸಾಕು. "ಎಂಕ್ ತುಳು ಬರ್ಪುಜಿ" ಅಂದರೆ ನನಗೆ ತುಳು ಬರುವುದಿಲ್ಲ. ಇದನ್ನು ತುಳುವಿನಲ್ಲೇ ಹೇಳಿದರೆ ಎದುರಿನವರ ಮುಖ ಅರಳುತ್ತದೆ, ಕೂಡಲೇ ಕನ್ನಡಕ್ಕೆ ಬರುತ್ತಾರೆ. ಮಧ್ಯಾಹ್ನ ಎದುರಾದವರು "ಒಣಸ್ ಆಂಡಾ?" ಎಂದು ಕೇಳುತ್ತಾರೆ, ನಮ್ಮಲ್ಲಿ "ಊಟ ಆತೇನ್ರಿ?" ಅಂದ ಹಾಗೆ. ಒಂದೇ ಬಸ್ಸಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಕೇಳುತ್ತವೆ. ನಮ್ಮ ಮಾತು ಕೇಳಿ ಯಾರಾದರೂ ನಕ್ಕರೆ ಮಾತು ನಿಲ್ಲಿಸಬೇಡಿ. ನನ್ನ "ಹೌದ್ರಿ" ಕೇಳಲಿಕ್ಕೆಂದೇ ಕ್ಯಾಂಟೀನಿನ ಅಕ್ಕ ಒಬ್ಬರು ಸುಮ್ನೆ ಪ್ರಶ್ನೆ ಕೇಳುತ್ತಿದ್ದರು. ನನಗೆ ಮೊದಲು ತುಳು ಕಲಿಸಿದವರೂ ಅವರೇ.

ಕುಚ್ಚಲಕ್ಕಿ ಅನ್ನಕ್ಕೆ ಹೊಟ್ಟೆ ಒಗ್ಗಲು ಎರಡು ವಾರ ಕೊಡಿ. ಮೊದಲು ಗಂಜಿಯಾಗಿ, ಉಪ್ಪಿನಕಾಯಿ ಜೊತೆ ತಿನ್ನಿ. ಸಂಜೆ ಬನ್ಸ್, ಗೋಳಿಬಜೆ ಇದ್ದೇ ಇವೆ.

ಗುಡ್ಡ ಇಳಿದು ಎಲ್ಲಿಗೆ ಹೋಗಬೇಕು, ಯಾವಾಗ

ನನ್ನ ತರಗತಿಯಲ್ಲೇ ಎರಡು ವರ್ಷ ಹಾಸ್ಟೆಲ್‌ನಿಂದ ವಿಭಾಗಕ್ಕೆ, ವಿಭಾಗದಿಂದ ಹಾಸ್ಟೆಲ್‌ಗೆ ಓಡಾಡಿ ಊರಿಗೆ ಹೋದವರಿದ್ದಾರೆ. ನೀವು ಹಾಗೆ ಮಾಡಬೇಡಿ. ತಿಂಗಳಿಗೆ ಎರಡು ಭಾನುವಾರ ಇಳಿಯಿರಿ.

ಹತ್ತಿರದ್ದು ಮೊದಲು. ತೊಕ್ಕೊಟ್ಟಿನಲ್ಲಿ ಇಳಿದರೆ ಉಳ್ಳಾಲ, ಸೋಮೇಶ್ವರ. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು ಉಳ್ಳಾಲ. ಅಲ್ಲಿನ ಸಯ್ಯಿದ್ ಮದನಿ ದರ್ಗಾಕ್ಕೆ ಎಲ್ಲ ಕಡೆಯ ಜನ ಬರುತ್ತಾರೆ. ಸೋಮೇಶ್ವರದ ದೇವಸ್ಥಾನ ಸಮುದ್ರದ ಅಂಚಿನ ಬಂಡೆಯ ಮೇಲಿದೆ. ನಾವು ಕೆರೆಯಲ್ಲಿ ಈಜು ಕಲಿತವರು. ಸಮುದ್ರಕ್ಕೆ ಆ ಈಜು ಸಾಲದು. ಮಳೆಗಾಲದಲ್ಲಿ ಮೊಣಕಾಲು ನೀರಿಗೂ ಇಳಿಯಬೇಡಿ, ಒದ್ದೆ ಬಂಡೆ ಹತ್ತಬೇಡಿ. ಬೇರೆ ಕಾಲದಲ್ಲೂ ಅಲ್ಲಿನ ಮೀನುಗಾರರು ಬೇಡ ಅಂದರೆ ಅದೇ ಕೊನೆಯ ಮಾತು.

ಮಂಗಳೂರಿನ ಒಳಗೆ ಎರಡು ಜಾಗ ಒಂದೇ ದಿನಕ್ಕೆ ಸಾಕು. ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಕ್ರಿ.ಶ. 968ರ ಶಾಸನ ಇದೆ. ತರಗತಿಯಲ್ಲಿ ಓದಿದ್ದನ್ನು ಎದುರಿಗೆ ನಿಂತು ನೋಡಿದಾಗ ನನ್ನ ಕೈ ತಾನಾಗಿ ಮುಗಿಯಿತು. ಅಲ್ಲಿಂದ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯ ಆಂಟೋನಿಯೋ ಮೊಸ್ಚೇನಿ ಸುಮಾರು 1900ರ ಹೊತ್ತಿಗೆ ಅದರ ಗೋಡೆ, ಮಾಳಿಗೆ ತುಂಬ ಚಿತ್ರ ಬರೆದರು. ಕುತ್ತಿಗೆ ನೋಯುವವರೆಗೂ ಮೇಲೆ ನೋಡಿ.

ತೊಕ್ಕೊಟ್ಟಿನಿಂದ ಕಾಸರಗೋಡು ಬಸ್ಸು ಹತ್ತಿ ತಲಪಾಡಿ ದಾಟಿದರೆ ಕೇರಳದ ಮಂಜೇಶ್ವರ. ಗೋವಿಂದ ಪೈ ಅವರ ಮನೆಯ ಜಾಗದಲ್ಲಿ 'ಗಿಳಿವಿಂಡು' ಸ್ಮಾರಕ ಇದೆ. ಗಡಿಯಾಚೆ ಹೋದಮೇಲೂ ಅಂಗಡಿ ಹಲಗೆಗಳಲ್ಲಿ ಕನ್ನಡ ಕಾಣುವುದು ನನಗೆ ಮರೆಯದ ನೋಟ.

ನವೆಂಬರ್‌ನಿಂದ ಫೆಬ್ರವರಿ ಜೈನ ಬಸದಿಗಳಿಗೆ ಒಳ್ಳೆಯ ಕಾಲ. ಬೆಳಗ್ಗೆ ಆರಕ್ಕೇ ಗುಡ್ಡ ಬಿಡಿ. ಮೊದಲು ಮೂಡಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು. ಎಲ್ಲರೂ ಕಂಬ ನೋಡಿ ಹೊರಡುತ್ತಾರೆ. ನೀವು ಮುಂದಿನ ಭೈರಾದೇವಿ ಮಂಟಪದ ಬುಡದ ಕೆತ್ತನೆ ನೋಡಿ. ಅಲ್ಲಿ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಕರಾವಳಿಯ ವ್ಯಾಪಾರ ಎಲ್ಲಿಯವರೆಗೆ ಹೋಗಿತ್ತು ಎಂದು ಆ ಎರಡು ಪ್ರಾಣಿಗಳೇ ಹೇಳುತ್ತವೆ. ಅಲ್ಲಿಂದ ಕಾರ್ಕಳ ಸುಮಾರು 18 ಕಿಲೋಮೀಟರ್. 1432ರಲ್ಲಿ ನಿಲ್ಲಿಸಿದ ಗೊಮ್ಮಟ, 42 ಅಡಿ. ಹತ್ತುವುದು ಬಂಡೆಯಲ್ಲೇ ಕಡಿದ ಮೆಟ್ಟಿಲು, ಬರಿಗಾಲಲ್ಲಿ. ನಡು ಮಧ್ಯಾಹ್ನ ಪಾದ ಸುಡುತ್ತದೆ, ನಾಲ್ಕು ಗಂಟೆಯ ಮೇಲೆ ಹತ್ತಿ. ಎದುರಿನ ಚತುರ್ಮುಖ ಬಸದಿಯಲ್ಲಿ ಬಿಸಿಲಿನ ಹೊತ್ತು ಕಳೆಯಬಹುದು, ಆ ಕಲ್ಲಿನ ಜಗಲಿ ತಂಪು. ವೇಣೂರಿನ 1604ರ ಗೊಮ್ಮಟ ಇನ್ನೊಂದು ಭಾನುವಾರಕ್ಕೆ ಇರಲಿ. ಒಂದೇ ದಿನ ಮೂರೂ ಮುಗಿಸಲು ಹೋದರೆ ಬಸ್ಸು ಕಾಯುವುದೇ ಆಗುತ್ತದೆ.

ಇದೇ ತಿಂಗಳುಗಳಲ್ಲಿ ಯಕ್ಷಗಾನ. ಅಲ್ಲಿ ಅದಕ್ಕೆ ಆಟ ಅಂತಲೇ ಹೆಸರು. ಮೇಳಗಳು ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ದಿನದವರೆಗೆ ತಿರುಗುತ್ತವೆ. ಹರಕೆಯ ಬಯಲಾಟಕ್ಕೆ ಟಿಕೆಟ್ ಇಲ್ಲ, ಎಷ್ಟೋ ಕಡೆ ಊಟವೂ ಹಾಕುತ್ತಾರೆ. ಕ್ಯಾಂಟೀನಿನ ಅಕ್ಕನ ಹತ್ತಿರ "ಹತ್ತಿರ ಎಲ್ಲಿ ಆಟ?" ಎಂದು ಕೇಳಿದರೆ ಸಾಕು. ಸ್ವಲ್ಪ ಮೊದಲೇ ಹೋಗಿ, ಕೇಳಿಕೊಂಡು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಬಣ್ಣ ಹಚ್ಚುವುದನ್ನು ನೋಡಿ. ಮಾತಾಡಿಸಬೇಡಿ, ಮೂಲೆಯಲ್ಲಿ ಕುಳಿತು ನೋಡಿ. ಒಂದು ಮುಖ ಬೇರೆ ಮುಖವಾಗುವುದನ್ನು ನೋಡುತ್ತಾ ನಾನು ಎರಡು ಗಂಟೆ ಕೂತಿದ್ದೆ. ಹಾಸ್ಟೆಲ್‌ನ ಅನುಮತಿ ಪತ್ರ ಮೊದಲೇ ಬರೆದುಕೊಡಿ. ಈಗ ಹಲವು ಆಟಗಳು ಕಾಲಮಿತಿಯವು, ನಡುರಾತ್ರಿಗೆ ಮುಗಿಯುತ್ತವೆ. ಆಗ ಬಸ್ಸಿರುವುದಿಲ್ಲ. ಆ ಊರಿನ ಗೆಳತಿಯ ಮನೆ ಇದ್ದರೆ ಮಾತ್ರ ಹೋಗಿ.

ಸಕಲೇಶಪುರಕ್ಕೆ ಒಂದು ದಿನ ತೆಗೆದಿಡಿ. ಬೆಳಗಿನ ಜಾವ ಬಿಜೈಯಿಂದ ಸರ್ಕಾರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ, ಟಿಪ್ಪು 1792ರಲ್ಲಿ ಮುಗಿಸಿದ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ನೋಡಿ. ವಾಪಸ್ ಬರುವುದು ಹಗಲು ರೈಲಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ ಇವೆ. ಸುರಂಗದಿಂದ ಹೊರಬಿದ್ದ ಕೂಡಲೇ ಸೇತುವೆ, ಸೇತುವೆ ಮುಗಿದ ಕೂಡಲೇ ಸುರಂಗ. ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಇದೆ, ದುಬಾರಿ. ಸಾಮಾನ್ಯ ಬೋಗಿಯ ಕಿಟಕಿ ನನಗೆ ಸಾಕಾಯಿತು. ವಾರದ ಯಾವ ದಿನ ಯಾವ ರೈಲು ಎಂದು ನೋಡಿಕೊಂಡೇ ಹೊರಡಿ. ಬಾಗಿಲಲ್ಲಿ ನಿಲ್ಲಬೇಡಿ. ಆ ಹಳಿಯ ಮೇಲೆ ನಡೆಯಲು ಯಾರಾದರೂ ಕರೆದರೆ ಹೋಗಬೇಡಿ, ಅದಕ್ಕೆ ಅನುಮತಿ ಇಲ್ಲ. ಕಾಡಿನ ಕಡೆ ಕಾಲಿಟ್ಟರೆ ಇಂಬಳ ಹತ್ತುತ್ತದೆ. ಕಿತ್ತು ಎಳೆಯಬೇಡಿ, ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿ. ರಕ್ತ ಸ್ವಲ್ಪ ಹೊತ್ತು ಸುರಿದು ನಿಲ್ಲುತ್ತದೆ.

ದಸರಾ ರಜೆಗೆ ಎಲ್ಲರೂ ಊರಿಗೆ ಓಡುತ್ತಾರೆ. ಎರಡರಲ್ಲಿ ಒಂದು ವರ್ಷವಾದರೂ ನಿಲ್ಲಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದ ದಸರಾ, ಬೀದಿಬೀದಿಯ ಹುಲಿವೇಷ, ಆ ತಾಸೆಯ ಸದ್ದು. ಕಾಲು ತಾನಾಗಿ ಕುಣಿಯುತ್ತದೆ, ಹುಲಿಕುಣಿತ ನೋಡಿದವರಿಗೆ ಗೊತ್ತು, ಅಲ್ವಾ?

ಊರಿಗೆ ಹೋಗುವುದಕ್ಕೆ ವಿಜಯಪುರ ರೈಲು ಅನುಕೂಲ. ಹಾಸನ, ಅರಸೀಕೆರೆ, ಹುಬ್ಬಳ್ಳಿ ಮೇಲೆ ಗದಗಿಗೆ ಬರುತ್ತದೆ. ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ. ದೀಪಾವಳಿಗೆ ಹೋಗುವವರು ಆ ದಿನವೇ ತೆಗೆಯಿರಿ. ಹೊರಡುವ ಮೊದಲು ಕಿಟಕಿ ಹಾಕಿದ್ದೀರಾ ನೋಡಿ. ಒಂದು ಖಾಲಿ ಚೀಲ ಜಾಸ್ತಿ ಇರಲಿ. ನಾನು ಮೊದಲ ಸಲ ಹೋದಾಗ ಹಲಸಿನ ಹಪ್ಪಳ ಒಯ್ದಿದ್ದೆ. ಎರಡನೇ ಸಲ ಹೊರಡುವಾಗ ಅವ್ವ ಫೋನ್ ಮಾಡಿ, "ಆ ಕೆಂಪಕ್ಕಿ ಎರಡು ಕಿಲೋ ತೊಗೊಂಡ್ ಬಾ, ನಾವೂ ಗಂಜಿ ಮಾಡಿ ನೋಡ್ತೀವಿ" ಅಂದಳು.